ಧೂಮಕೇತುವಿನ ಧೂಳಿನಲ್ಲಿರುವ ಸಾವಯವ ಅಣುಗಳ ಗುರುತು ಹಿಡಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಶಾಲೆ ಕಾಲೇಜುಗಳಲ್ಲಿ ಧೂಮಕೇತುಗಳ ಬಗ್ಗೆ ಮಾತಾಡಿದ ಮೇಲೆ, ಆಮೇಲೆ ಬರುವ ಪತ್ರಗಳಲ್ಲಿ, ತೋಟದ ಮನೆಗಳ ಜಗಲಿಯಲ್ಲಿ ಕೂತು ಮಾತಾಡುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಸುಲಭದವು ಮೊದಲು, ರಸಾಯನಶಾಸ್ತ್ರ ಓದುತ್ತಿರುವವರು ಕೇಳಿದವು ಕೊನೆಗೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ಕೇಳುವವು

ಸಾರ್, ಧೂಮಕೇತು ಅಂದರೆ ಬೆಂಕಿ ಉಂಡೆ ಅಲ್ವಾ? ಅದರಲ್ಲಿ ಧೂಳು ಎಲ್ಲಿಂದ ಬಂತು?

ಅಲ್ಲಿ ಬೆಂಕಿಯೇ ಇಲ್ಲ. ಧೂಮಕೇತುವಿನ ಒಡಲು ಮಂಜುಗಡ್ಡೆ ಮತ್ತು ಧೂಳು ಸೇರಿದ ಒಂದು ಸಡಿಲವಾದ ಮುದ್ದೆ. ಯುರೋಪಿನ ರೊಸೆಟ್ಟಾ ನೌಕೆ ಸುತ್ತಿ ನೋಡಿದ 67ಪಿ ಧೂಮಕೇತುವಿನ ಉದ್ದ ಸುಮಾರು 4 ಕಿ.ಮೀ. ಬೀಳುವ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನಷ್ಟೇ ಅದು ಹಿಂದಕ್ಕೆ ಬೀರುತ್ತದೆ, ಅಷ್ಟು ಕಪ್ಪು. ಸೂರ್ಯನ ಹತ್ತಿರ ಬಂದಾಗ ಮಂಜು ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗುತ್ತದೆ. ಆ ಆವಿ ಹೊರಗೆ ನುಗ್ಗುವಾಗ ಧೂಳನ್ನೂ ಎಳೆದುಕೊಂಡು ಬರುತ್ತದೆ. ನಾವು ನೋಡುವ ಬಾಲದಲ್ಲಿ ಬಿಸಿಲಿಗೆ ಹೊಳೆಯುವುದು ಬಹುಪಾಲು ಈ ಧೂಳೇ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೌರಮಂಡಲ ಹುಟ್ಟುವಾಗ ಸುತ್ತ ಏನಿತ್ತೋ ಅದು ಹೆಚ್ಚು ಬೇಯದೆ, ಹೆಚ್ಚು ಬದಲಾಗದೆ ಈ ಧೂಳಿನಲ್ಲಿ ಉಳಿದಿದೆ. ಭೂಮಿಯ ಮೇಲಿನ ಯಾವ ಕಲ್ಲಿಗೂ ಆ ಭಾಗ್ಯವಿಲ್ಲ.

ಸಾವಯವ ಅಂದಮೇಲೆ ಅಲ್ಲಿ ಜೀವ ಇದೆ ಅಂತಲೇ ಅಲ್ವಾ?

ಇಲ್ಲ. ರಸಾಯನಶಾಸ್ತ್ರದಲ್ಲಿ ಸಾವಯವ ಸಂಯುಕ್ತ ಎಂದರೆ ಕಾರ್ಬನ್ ಬೆನ್ನೆಲುಬಾಗಿರುವ ಅಣು, ಅಷ್ಟೆ. ಅದನ್ನು ಜೀವಿಯೇ ಮಾಡಬೇಕೆಂದಿಲ್ಲ. ಮೀಥೇನ್, ಮೆಥನಾಲ್, ಅಮೋನಿಯಾದಂಥ ಸರಳ ವಸ್ತುಗಳು ಅತಿ ಶೀತದಲ್ಲಿ ಮಂಜಾಗಿ ಕೂತಿರುವಾಗ ಅವುಗಳ ಮೇಲೆ ಅತಿನೇರಳೆ ಕಿರಣ ಬಿದ್ದರೆ, ವರ್ಷಗಳು ಉರುಳಿದಂತೆ ದೊಡ್ಡ ಅಣುಗಳು ತಾವಾಗಿ ಕೂಡಿಕೊಳ್ಳುತ್ತವೆ. ಪ್ರೋಟೀನಿನ ಇಟ್ಟಿಗೆಗಳಲ್ಲಿ ಒಂದಾದ ಗ್ಲೈಸಿನ್ ಕೂಡ ಹೀಗೆ ಆಗಬಲ್ಲದೆಂದು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಇಲ್ಲಿಯವರೆಗೆ ಯಾವ ಧೂಮಕೇತುವಿನಲ್ಲೂ ಜೀವ ಸಿಕ್ಕಿಲ್ಲ. ಸಿಕ್ಕಿರುವುದು ಜೀವಕ್ಕೆ ಬೇಕಾದ ಕೆಲವು ಕಚ್ಚಾ ಸಾಮಗ್ರಿ.

ಈ ಧೂಳು ನಮ್ಮ ಕೊಡಗಿನ ಮೇಲೂ ಬೀಳುತ್ತದಾ?

ಬೀಳುತ್ತದೆ, ದಿನಾ. ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ನೆಲೆಯ ಹಿಮವನ್ನು ವರ್ಷಾನುಗಟ್ಟಲೆ ಸೋಸಿದ ಫ್ರೆಂಚ್ ತಂಡ 2021ರಲ್ಲಿ ಕೊಟ್ಟ ಲೆಕ್ಕದಂತೆ, ಇಡೀ ಭೂಮಿಯ ನೆಲ ಮುಟ್ಟುವ ಬಾಹ್ಯಾಕಾಶದ ಸೂಕ್ಷ್ಮ ಧೂಳು ವರ್ಷಕ್ಕೆ ಸುಮಾರು 5,200 ಟನ್. ಅದರಲ್ಲಿ ಹೆಚ್ಚಿನ ಪಾಲು ಧೂಮಕೇತುಗಳದ್ದು.

ಕಣ್ಣಿಗೆ ಕಾಣುವಂತೆ ಬರುವುದು ಉಲ್ಕಾಪಾತದಲ್ಲಿ. ಆಗಸ್ಟ್ ನಡುವಿನ ಪರ್ಸೀಡ್ ಉಲ್ಕೆಗಳನ್ನು ಕಕ್ಕಡ ತಿಂಗಳ ಮಳೆ ನಮಗೆ ನೋಡಗೊಡುವುದಿಲ್ಲ. ಆದರೆ ತಲಕಾವೇರಿಯ ತೀರ್ಥೋದ್ಭವ ಮುಗಿದು ನಾಲ್ಕೈದು ದಿನಕ್ಕೆ, ಅಕ್ಟೋಬರ್ 21–22ರ ಹೊತ್ತಿಗೆ, ಓರಿಯಾನಿಡ್ ಉಲ್ಕಾಪಾತ ಏರುತ್ತದೆ. ಮೋಡ ಬಿಟ್ಟಿದ್ದರೆ ನಡುರಾತ್ರಿ ಕಳೆದ ಮೇಲೆ ಹೊರಗೆ ಬಂದು ನೋಡಿ. ಸೆಕೆಂಡಿಗೆ ಸುಮಾರು 66 ಕಿ.ಮೀ. ವೇಗದಲ್ಲಿ ಬಂದು ಉರಿಯುವ ಆ ಒಂದೊಂದು ಗೆರೆಯೂ ಹ್ಯಾಲಿ ಧೂಮಕೇತು ಬಿಟ್ಟುಹೋದ ಧೂಳಿನ ಕಣ. ಹ್ಯಾಲಿ ಮತ್ತೆ ಬರುವುದು 2061ಕ್ಕೆ, ಅದರ ಧೂಳು ಮಾತ್ರ ವರ್ಷ ವರ್ಷವೂ ಬರುತ್ತದೆ.

ಮನೆ ಮಾಡಿನ ಮೇಲೆ ಆಯಸ್ಕಾಂತ ಆಡಿಸಿದರೆ ಸಿಗುತ್ತದೆ ಅಂತಾರೆ, ಹೌದಾ?

ಹುಡುಕುವುದರಲ್ಲಿ ತಪ್ಪಿಲ್ಲ. ನಾರ್ವೆಯ ಯೋನ್ ಲಾರ್ಸೆನ್ ಎಂಬ ಹವ್ಯಾಸಿ ಊರ ಮಾಡುಗಳ ಕೊಳೆಯಿಂದಲೇ ನೂರಾರು ಸೂಕ್ಷ್ಮ ಉಲ್ಕೆಗಳನ್ನು ಹೆಕ್ಕಿ ತೆಗೆದಿದ್ದಾರೆ, ವಿಜ್ಞಾನಿಗಳು ಅವನ್ನು ಪರೀಕ್ಷಿಸಿ ಒಪ್ಪಿದ್ದಾರೆ. ನಮ್ಮಲ್ಲಿ ಕಷ್ಟ ಜಾಸ್ತಿ. ಜಂಬಿಟ್ಟಿಗೆ ಮಣ್ಣಿನಲ್ಲೇ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಕಣಗಳಿವೆ, ವೆಲ್ಡಿಂಗ್ ಕಿಡಿಯೂ ಗಾಳಿಗೆ ಬಂದು ಕೂರುತ್ತದೆ. ಸೂಕ್ಷ್ಮದರ್ಶಕದಲ್ಲಿ ಗುಂಡಗೆ ಕಂಡದ್ದೆಲ್ಲ ಆಕಾಶದಿಂದ ಬಂದದ್ದಲ್ಲ.

ಸಾವಯವ ಅಣು ಹುಡುಕುವವರಿಗೆ ಈ ದಾರಿ ಆಗುವುದಿಲ್ಲ. ಗುಂಡಗಾಗಿದೆ ಎಂದರೆ ಆ ಕಣ ವಾತಾವರಣದಲ್ಲಿ ಕರಗಿ ಗಟ್ಟಿಯಾದದ್ದು, ಅದರೊಳಗಿನ ಸಾವಯವ ಭಾಗ ಆಗಲೇ ಸುಟ್ಟುಹೋಗಿರುತ್ತದೆ. ಅದಕ್ಕೇ ನಾಸಾ ಸುಮಾರು 20 ಕಿ.ಮೀ. ಎತ್ತರದಲ್ಲಿ ವಿಮಾನ ಹಾರಿಸಿ ಕರಗದ ಕಣಗಳನ್ನು ಹಿಡಿಯುತ್ತದೆ, ಫ್ರೆಂಚರು ಅಂಟಾರ್ಕ್ಟಿಕಾದ ಹಿಮ ಕರಗಿಸುತ್ತಾರೆ.

2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿತ್ತಲ್ಲ, ಅದು ಧೂಮಕೇತುವಿನದ್ದು ಅಂತ ಓದಿದ್ದೆ. ನಿಜವಾ?

ಗಡಿಯಾಚೆಯ ಸುದ್ದಿಯಾದ್ದರಿಂದ ವಿರಾಜಪೇಟೆ ಕಡೆಯವರು ಇದನ್ನು ಕೇಳದೆ ಬಿಡುವುದಿಲ್ಲ. ಆ ವರ್ಷ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೋಟ್ಟಯಂ, ಇಡುಕ್ಕಿ ಕಡೆ ಆಗಾಗ ಕೆಂಪು ಮಳೆ ಬಿದ್ದದ್ದು ನಿಜ. ಕೆಂಪು ಕಣಗಳು ಧೂಮಕೇತುವಿನಿಂದ ಬಂದ ಜೀವಕೋಶಗಳೆಂದು ಇಬ್ಬರು ಭೌತವಿಜ್ಞಾನಿಗಳು ವಾದಿಸಿದ್ದೂ ನಿಜ. ಆದರೆ ಸರ್ಕಾರ ಹೇಳಿ ಮಾಡಿಸಿದ ಪರೀಕ್ಷೆಯಲ್ಲಿ ಅವು ಟ್ರೆಂಟೆಪೋಲಿಯಾ ಎಂಬ ಪಾಚಿಯ ಬೀಜಕಗಳೆಂದು ಗೊತ್ತಾಯಿತು. ಮರ, ಬಂಡೆಗಳ ಮೇಲಿನ ಕಲ್ಲುಹೂವಿನ ಜೊತೆ ಬೆಳೆಯುವ ಪಾಚಿ ಅದು. ಆ ಸ್ಥಳದ ಮಣ್ಣು, ಮರ, ಕಲ್ಲನ್ನು ಮೊದಲು ನೋಡಿ ಆಮೇಲೆ ಆಕಾಶಕ್ಕೆ ಕೈ ತೋರಿಸಬೇಕು. ಈ ಶಿಸ್ತು ಕೆಳಗಿನ ಉತ್ತರಗಳಲ್ಲೂ ಬರುತ್ತದೆ.

## ಉಪಕರಣದ ಬಗ್ಗೆ

ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಅಣು ತೂಗುವ ತಕ್ಕಡಿಯಾ? ಒಂದು ಅಣುವನ್ನು ಹೇಗೆ ತೂಗುತ್ತಾರೆ?

ಅಣುಗಳ ಗುರುತು ಹಿಡಿಯುವ ಮುಖ್ಯ ಉಪಕರಣ ಇದೇ. ತೂಗುವುದೇನೋ ಹೌದು, ಆದರೆ ಓಡಿಸಿ ತೂಗುತ್ತಾರೆ. ಅಣುವಿಗೆ ಎಲೆಕ್ಟ್ರಾನ್ ಬಡಿಸಿ ಅದರದ್ದೇ ಒಂದು ಎಲೆಕ್ಟ್ರಾನನ್ನು ಹಾರಿಸಿದರೆ ಅದು ವಿದ್ಯುದಾವೇಶ ಹೊತ್ತ ಅಯಾನು ಆಗುತ್ತದೆ. ಅಯಾನನ್ನು ವಿದ್ಯುತ್ ಕ್ಷೇತ್ರದಿಂದ ತಳ್ಳಬಹುದು, ಆಯಸ್ಕಾಂತದಿಂದ ಬಾಗಿಸಬಹುದು. ಎಲ್ಲ ಅಯಾನುಗಳಿಗೂ ಒಂದೇ ಶಕ್ತಿ ಕೊಟ್ಟು ಬಿಟ್ಟರೆ ಹಗುರವಾದದ್ದು ಮೊದಲು ತುದಿ ಮುಟ್ಟುತ್ತದೆ, ಭಾರವಾದದ್ದು ಆಮೇಲೆ. ಬಂದ ಹೊತ್ತಿನಿಂದ ದ್ರವ್ಯರಾಶಿ ಲೆಕ್ಕ ಹಾಕಬಹುದು. ಆಯಸ್ಕಾಂತ ಬಳಸುವ ಬಗೆಯಲ್ಲಿ, ಎಷ್ಟು ಬಾಗಿತು ಎಂಬುದರಿಂದ ಲೆಕ್ಕ.

ಎಲೆಕ್ಟ್ರಾನಿನ ಏಟಿಗೆ ಅಣು ಒಡೆಯುವುದೂ ಉಂಟು. ಒಡೆದ ತುಣುಕುಗಳೇ ನಮಗೆ ಹೆಚ್ಚು ಹೇಳುತ್ತವೆ. ನಮ್ಮ ಕಾಫಿಯ ಕೆಫೀನ್ ತೆಗೆದುಕೊಳ್ಳಿ. ಅದರ ದ್ರವ್ಯರಾಶಿ 194. ಯಾವ ದ್ರವ್ಯರಾಶಿಯ ಅಯಾನು ಎಷ್ಟು ಬಂತೆಂದು ಗೆರೆಗಳಲ್ಲಿ ತೋರಿಸುವ ನಕ್ಷೆಗೆ ರೋಹಿತ ಎನ್ನುತ್ತಾರೆ. ಕೆಫೀನಿನ ರೋಹಿತದಲ್ಲಿ 194ರಲ್ಲಿ ಎತ್ತರದ ಗೆರೆ, 109ರಲ್ಲಿ ಇನ್ನೊಂದು ದೊಡ್ಡ ಗೆರೆ, ನಡುವೆ 137ರಲ್ಲಿ ಸಣ್ಣದು. 194ರಿಂದ ಮೀಥೈಲ್ ಐಸೊಸಯನೇಟ್ ತುಣುಕಾಗಿ 57 ಕಳಚಿದರೆ 137, ಅದರಿಂದ ಕಾರ್ಬನ್ ಮಾನಾಕ್ಸೈಡ್ ಆಗಿ 28 ಕಳಚಿದರೆ 109. 194ರ ತೂಕದ ಅಣುಗಳು ಎಷ್ಟೋ ಇವೆ, ಆದರೆ ಹೀಗೇ ಒಡೆಯುವುದು ಕೆಫೀನ್. ಕಾಫಿಯ ಪರಿಮಳ, ಕೆಫೀನ್ ಪ್ರಮಾಣ ನೋಡುವ ಪ್ರಯೋಗಾಲಯಗಳಲ್ಲೂ, ಧೂಮಕೇತುವಿನ ಹತ್ತಿರ ಹೋದ ನೌಕೆಯಲ್ಲೂ ಕೆಲಸ ಮಾಡುವುದು ಇದೇ ತತ್ವ.

ಧೂಳು ಗಟ್ಟಿ ವಸ್ತು. ಗಟ್ಟಿ ವಸ್ತುವಿಗೆ ಆವೇಶ ಕೊಟ್ಟು ಓಡಿಸುವುದು ಹೇಗೆ?

ಕಷ್ಟದ ಕೆಲಸ ಇದೇ. ಮೂರ್ನಾಲ್ಕು ದಾರಿಗಳಿವೆ, ಪ್ರತಿಯೊಂದಕ್ಕೂ ಬೆಲೆ ತೆರಬೇಕು.

ನೌಕೆ ಅತಿ ವೇಗದಲ್ಲಿ ಹೋಗುತ್ತಿದ್ದರೆ ಬೇರೆ ಏನೂ ಬೇಕಿಲ್ಲ: ಕಣ ಲೋಹದ ತಟ್ಟೆಗೆ ಬಡಿದ ಏಟಿಗೇ ಅಯಾನುಗಳಾಗಿ ಚಿಮ್ಮುತ್ತದೆ. 1986ರಲ್ಲಿ ಹ್ಯಾಲಿಯ ಬಳಿ ವೇಗಾ ನೌಕೆಗಳ ವೇಗ ಸೆಕೆಂಡಿಗೆ ಸುಮಾರು 78 ಕಿ.ಮೀ., ಜೊಟ್ಟೊ ನೌಕೆಯದ್ದು 68. ಆ ಏಟಿಗೆ ಅಣುಗಳು ನುಚ್ಚುನೂರಾಗಿ ಬಹುಪಾಲು ಬಿಡಿ ಪರಮಾಣುಗಳೇ ಉಳಿದವು. ಕಾರ್ಬನ್, ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್ ತುಂಬಿದ ಕಣಗಳಿವೆ ಎಂದು ಜಗತ್ತಿಗೆ ಮೊದಲು ತಿಳಿದದ್ದು ಹೀಗೆ. ಅವು ಯಾವ ಅಣುಗಳಾಗಿದ್ದವು ಎಂದು ಹೇಳುವುದು ಮಾತ್ರ ಕಷ್ಟವಾಯಿತು.

ಎರಡನೆಯದು ಧೂಳನ್ನು ಮೆಲ್ಲಗೆ ಹಿಡಿದು ಅಯಾನು ಕಿರಣದಿಂದ ಕೆರೆಯುವುದು. ರೊಸೆಟ್ಟಾದ ಕೋಸಿಮಾ ಉಪಕರಣ ಒಂದೊಂದು ಸೆಂಟಿಮೀಟರ್ ಅಗಲದ ಲೋಹದ ತಟ್ಟೆಗಳನ್ನು ಹೊರಗೊಡ್ಡಿ ಕಾಯುತ್ತಿತ್ತು. ಕೂತ ಧೂಳನ್ನು ಮೊದಲು ಸೂಕ್ಷ್ಮದರ್ಶಕದ ಕ್ಯಾಮೆರಾದಲ್ಲಿ ನೋಡಿ, ಆಯ್ದ ಕಣದ ಮೇಲೆ ಇಂಡಿಯಂ ಅಯಾನುಗಳನ್ನು ಹೊಡೆಯುವುದು, ಮೇಲ್ಪದರದಿಂದ ಏಳುವ ತುಣುಕುಗಳ ಹಾರಾಟದ ಸಮಯ ಅಳೆಯುವುದು, ಇದು ಅದರ ಕೆಲಸ. ಮೂವತ್ತು ಸಾವಿರಕ್ಕೂ ಹೆಚ್ಚು ಕಣಗಳು ಹೀಗೆ ಕೂಡಿದವು.

ಮೂರನೆಯದು ಧೂಳು ಬಿಸಿಲಿಗೆ ಕಾದು ತಾನೇ ಬಿಡುವ ಆವಿಯನ್ನು ತೂಗುವುದು. ರೊಸೆಟ್ಟಾದ್ದೇ ಆದ ರೋಸಿನಾ ಎಂಬ ಉಪಕರಣಗಳ ಗುಂಪು ಹಾಗೆ ಮಾಡಿತು. ಕಣವನ್ನು ಭೂಮಿಗೇ ತರುವಂತಿದ್ದರೆ ಲೇಸರಿನಿಂದ ಎಬ್ಬಿಸಬಹುದು, ಬಿಸಿನೀರಿನಲ್ಲಿ ಕುದಿಸಿ ಸಾರ ತೆಗೆಯಬಹುದು.

ಅಷ್ಟು ಖರ್ಚು ಮಾಡಿ ನೌಕೆ ಕಳಿಸೋ ಬದಲು ಟೆಲಿಸ್ಕೋಪಿನಲ್ಲೇ ನೋಡಬಹುದಲ್ಲ?

ಆವಿಯನ್ನು ನೋಡಬಹುದು. ತಿರುಗುವ ಅಣುಗಳು ರೇಡಿಯೊ ತರಂಗದಲ್ಲಿ ತಮ್ಮದೇ ಗುರುತು ಬಿಡುತ್ತವೆ. ಲವ್‌ಜಾಯ್ ಧೂಮಕೇತುವಿನಲ್ಲಿ ಎಥನಾಲ್ ಇದೆಯೆಂದು 2015ರಲ್ಲಿ ತಿಳಿದದ್ದು ಸ್ಪೇನಿನ ರೇಡಿಯೊ ದೂರದರ್ಶಕದಿಂದ. ಗಟ್ಟಿ ಕಣದೊಳಗೆ ಸಿಕ್ಕಿಕೊಂಡ ಅಣು ತಿರುಗುವುದಿಲ್ಲ, ಆ ಗುರುತನ್ನೂ ಬಿಡುವುದಿಲ್ಲ. ಧೂಳಿಗೆ ಹತ್ತಿರ ಹೋಗಲೇಬೇಕು.

ಇಲ್ಲಿಯವರೆಗೆ ಎಷ್ಟು ಧೂಮಕೇತುಗಳ ಧೂಳನ್ನು ಹೀಗೆ ನೋಡಿದ್ದಾರೆ?

ಮುಖ್ಯವಾಗಿ ಮೂರು. ಹ್ಯಾಲಿ 1986ರ ಮಾರ್ಚ್‌ನಲ್ಲಿ. ವೈಲ್ಡ್ 2 ಎಂಬುದರ ಧೂಳನ್ನು ಸ್ಟಾರ್‌ಡಸ್ಟ್ ನೌಕೆ 2004ರ ಜನವರಿ 2ರಂದು ಏರೋಜೆಲ್ ಎಂಬ ಹಗುರ ಪದಾರ್ಥದಲ್ಲಿ ಹಿಡಿದು, 2006ರ ಜನವರಿ 15ರಂದು ಅಮೆರಿಕದ ಯೂಟಾದಲ್ಲಿ ಇಳಿಸಿತು. ಮೂರನೆಯದು 67ಪಿ. ಕ್ಲಿಮ್ ಚುರ್ಯುಮೊವ್ ಮತ್ತು ಸ್ವೆಟ್ಲಾನಾ ಗೆರಾಸಿಮೆಂಕೊ 1969ರಲ್ಲಿ ಕಂಡುಹಿಡಿದದ್ದು. ರೊಸೆಟ್ಟಾ 2014ರ ಆಗಸ್ಟ್‌ನಿಂದ 2016ರ ಸೆಪ್ಟೆಂಬರ್ 30ರವರೆಗೆ ಅದರ ಜೊತೆಗೇ ಇತ್ತು. ಹ್ಯಾಲಿಯ ಪಕ್ಕ ಹಾದುಹೋದ ಹೊತ್ತನ್ನೂ ಈ ಎರಡು ವರ್ಷಗಳನ್ನೂ ಪಕ್ಕ ಪಕ್ಕ ಇಟ್ಟರೆ, ಇಂದು ನಾವು ಹೇಳುವ ಬಹುಪಾಲು ವಿವರ 67ಪಿಯಿಂದಲೇ ಏಕೆ ಬಂದಿದೆ ಎಂದು ತಿಳಿಯುತ್ತದೆ. ರ‍್ಯೂಗು, ಬೆನ್ನು ಎಂಬವುಗಳಿಂದ ತಂದ ಮಣ್ಣಿನ ಸುದ್ದಿಯನ್ನು ಹಲವರು ಇದರ ಜೊತೆ ಸೇರಿಸುತ್ತಾರೆ. ಅವು ಕ್ಷುದ್ರಗ್ರಹಗಳು, ಬೇರೆ ಕಥೆ.

## ಹೆಸರು ಹೇಳುವ ಮೊದಲು

ಎರಡು ಅಣುಗಳ ತೂಕ ಒಂದೇ ಇದ್ದರೆ ಯಾವುದು ಯಾವುದು ಅಂತ ಹೇಗೆ ಹೇಳ್ತೀರಿ?

ಪೂರ್ಣ ಸಂಖ್ಯೆಯಲ್ಲಿ ಒಂದೇ ಆದರೂ ದಶಮಾಂಶದಲ್ಲಿ ಬೇರೆ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್ 27.995, ನೈಟ್ರೋಜನ್ ಅಣು 28.006, ಎಥಿಲೀನ್ 28.031. ಮೂರೂ "28". ರೋಸಿನಾದ ದೊಡ್ಡ ಉಪಕರಣಕ್ಕೆ ಮೊದಲ ಎರಡನ್ನು ಬೇರ್ಪಡಿಸುವಷ್ಟು ಸೂಕ್ಷ್ಮತೆ ಇತ್ತು.

ಧೂಳಿನಲ್ಲಿ ಈ ದಶಮಾಂಶ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಕಲ್ಲೂ ಸಾವಯವವೂ ಕಲಸಿಕೊಂಡಿರುತ್ತವೆ. ಕೋಸಿಮಾದ ರೋಹಿತದಲ್ಲಿ 56ರ ಜಾಗವನ್ನು ಹಿಗ್ಗಿಸಿ ನೋಡಿದರೆ, ಎಡಕ್ಕೆ 55.935ರಲ್ಲಿ ಕಬ್ಬಿಣ ಬರುತ್ತದೆ. ನಾಲ್ಕು ಕಾರ್ಬನ್, ಎಂಟು ಹೈಡ್ರೋಜನ್ ಸೇರಿದ ತುಣುಕು ಇದ್ದರೆ ಅದು ಬಲಕ್ಕೆ 56.063ರಲ್ಲಿ ಬರಬೇಕು. 39ರಲ್ಲೂ ಹಾಗೆಯೇ: ಪೊಟ್ಯಾಸಿಯಂ 38.964, ಮೂರು ಕಾರ್ಬನ್ ಮೂರು ಹೈಡ್ರೋಜನ್ನಿನ ತುಣುಕು 39.023. ಹೈಡ್ರೋಜನ್ನಿನ ದ್ರವ್ಯರಾಶಿ 1ಕ್ಕಿಂತ ತುಸು ಹೆಚ್ಚು, ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಸಿಯಂಗಳದ್ದು ಪೂರ್ಣ ಸಂಖ್ಯೆಗಿಂತ ತುಸು ಕಡಿಮೆ. ಹಾಗಾಗಿ ಖನಿಜ ಎಡಕ್ಕೆ, ಹೈಡ್ರೋಜನ್ ಹೊತ್ತ ಸಾವಯವ ಬಲಕ್ಕೆ ಸರಿಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿ ಮತ್ತೆ ಮರೆಯುವುದಿಲ್ಲ.

ಸೂತ್ರವೇ ಒಂದಾಗಿದ್ದರೆ? ದಶಮಾಂಶವೂ ಒಂದೇ ಬರುತ್ತದಲ್ಲ?

ಒಳ್ಳೆಯ ಪ್ರಶ್ನೆ, ಪಿಯುಸಿ ಮಕ್ಕಳೇ ಹೆಚ್ಚಾಗಿ ಕೇಳುತ್ತಾರೆ. ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ಎಷ್ಟು ಸೂಕ್ಷ್ಮವಾಗಿ ತೂಗಿದರೂ ಎರಡೂ 46ರಲ್ಲಿ ಒಂದೇ ಕಡೆ ಬೀಳುತ್ತವೆ. ಆದರೆ ಒಡೆಯುವ ಬಗೆ ಬೇರೆ: ಎಥನಾಲ್ ಒಡೆದಾಗ ಅತಿ ಎತ್ತರದ ಗೆರೆ 31ರಲ್ಲಿ, ಈಥರಿನದ್ದು 45ರಲ್ಲಿ. ಅಸಿಟಿಕ್ ಆಮ್ಲ, ಮೀಥೈಲ್ ಫಾರ್ಮೇಟ್, ಗ್ಲೈಕಾಲ್ಡಿಹೈಡ್ ಮೂರೂ 60. ಒಂದೇ ಇದ್ದರೆ ತುಣುಕುಗಳಿಂದ ಹೇಳಬಹುದು, ಮೂರೂ ಬೆರೆತಿದ್ದರೆ ಪಾಲು ಹಂಚುವುದು ಕಷ್ಟ. ಆಗ ಪ್ರಾಮಾಣಿಕ ಉತ್ತರ ಸೂತ್ರವನ್ನಷ್ಟೇ ಕೊಡುವುದು, ಹೆಸರು ಕೊಡದಿರುವುದು. ಪ್ರಯೋಗಾಲಯದಲ್ಲಾದರೆ ಕ್ರೊಮಟೊಗ್ರಾಫಿಯ ಉದ್ದ ಕೊಳವೆಯಲ್ಲಿ ಮೊದಲು ಬೇರ್ಪಡಿಸಿ, ಒಂದೊಂದನ್ನೇ ತೂಗಬಹುದು.

ಗ್ಲೈಸಿನ್ ಸಿಕ್ಕಿತು ಅಂತಾರಲ್ಲ, ಅದು ನಮ್ಮ ಕೈಯಿಂದಲೇ ಅಂಟಿದ್ದಲ್ಲ ಅಂತ ಏನು ಗ್ಯಾರಂಟಿ?

ಈ ಅನುಮಾನ ವಿಜ್ಞಾನಿಗಳಿಗೇ ಮೊದಲು ಬಂದದ್ದು. ಬೆರಳಚ್ಚಿನಲ್ಲೂ ಗ್ಲೈಸಿನ್ ಇದೆ.

ಸ್ಟಾರ್‌ಡಸ್ಟ್ ತಂದ ಅಲ್ಯೂಮಿನಿಯಂ ಹಾಳೆಗಳಲ್ಲಿ ಗ್ಲೈಸಿನ್ ಕಂಡಿತು. ಅದರ ಜೊತೆಗೇ ಕ್ಯಾಪ್ರೋಯಿಕ್ ಆಮ್ಲದ ಒಂದು ಅಮೈನೊ ರೂಪವೂ ಕಂಡಿತು. ಅದು ನೈಲಾನ್-6ರ ಗುರುತು. ಧೂಳು ಹಿಡಿಯುವ ಚೌಕಟ್ಟನ್ನು ಇಲ್ಲಿ ನೈಲಾನ್ ಚೀಲದಲ್ಲಿ ಇಟ್ಟಿದ್ದರು. ಹಾಗಾದರೆ ಗ್ಲೈಸಿನ್ನೂ ಚೀಲದ್ದೇ ಆಗಿರಬಹುದಲ್ಲ? ನಾಸಾ ಗೊಡಾರ್ಡ್ ಕೇಂದ್ರದ ಜೇಮೀ ಎಲ್ಸಿಲಾ ಮತ್ತು ಸಂಗಡಿಗರು ಇದನ್ನು ಬಗೆಹರಿಸಿದ್ದು ಕಾರ್ಬನ್ನಿನ ಸಮಸ್ಥಾನಿಗಳಿಂದ. ಕಾರ್ಬನ್ ಪರಮಾಣುಗಳಲ್ಲಿ ಹೆಚ್ಚಿನವು 12ರ ತೂಕದವು, ನೂರಕ್ಕೆ ಒಂದರಷ್ಟು 13ರವು. ಈ ಅನುಪಾತ ಮೂಲದಿಂದ ಮೂಲಕ್ಕೆ ಚೂರು ಬದಲಾಗುತ್ತದೆ.

ಕೊಡಗಿನ ಜೇನಿನ ಶುದ್ಧತೆ ನೋಡುವುದೂ ಇದೇ ಅಳತೆಯಿಂದ. ಗೊತ್ತುಮಾಡಿದ ಒಂದು ಮಾನದಂಡಕ್ಕಿಂತ 13ರ ಕಾರ್ಬನ್ನಿನ ಪಾಲು ಎಷ್ಟು ಹೆಚ್ಚು (ಪ್ಲಸ್) ಅಥವಾ ಕಡಿಮೆ (ಮೈನಸ್) ಎಂದು ಸಾವಿರಕ್ಕೆ ಲೆಕ್ಕ ಹಾಕುತ್ತಾರೆ. ಕಾಡುಮರ, ಕಾಫಿ ಹೂವಿನ ಮಕರಂದದಿಂದ ಆದ ಜೇನಿನ ಮಟ್ಟ ಸಾವಿರಕ್ಕೆ ಸುಮಾರು ಮೈನಸ್ 25, ಕಬ್ಬಿನ ಸಕ್ಕರೆಯದ್ದು ಮೈನಸ್ 11ರ ಆಸುಪಾಸು. ಸಕ್ಕರೆ ಪಾಕ ಬೆರೆತರೆ ಅಂಕಿ ಮೇಲೇರಿ ಸಿಕ್ಕಿಬೀಳುತ್ತದೆ. ಭೂಮಿಯ ಸಾವಯವ ಕಾರ್ಬನ್ ಮೈನಸ್ 6ರಿಂದ ಮೈನಸ್ 40ರೊಳಗೆ ಇರುತ್ತದೆ. ಆ ಹಾಳೆಯ ಗ್ಲೈಸಿನ್ನಿನದ್ದು ಪ್ಲಸ್ 29, ಆಚೀಚೆ 6. ಇಲ್ಲಿನ ನೈಲಾನ್, ಇಲ್ಲಿನ ಬೆರಳು ಅಷ್ಟು ಭಾರದ ಕಾರ್ಬನ್ ಕೊಡಲಾರವು. 2009ರಲ್ಲಿ ಈ ಫಲಿತಾಂಶ ಹೊರಬಂತು. ಮಾದರಿ ಬಂದು ಮೂರು ವರ್ಷ ಕಳೆದಿತ್ತು. ಆ ತಾಳ್ಮೆಯನ್ನು ನಾನು ಬಹಳ ಗೌರವಿಸುತ್ತೇನೆ.

ಒಂದು ಎಚ್ಚರವನ್ನೂ ಹೇಳಬೇಕು. ಅಕ್ಕಿಯ ಪಾಕ ಬೆರೆಸಿದ ಜೇನು ಈ ಪರೀಕ್ಷೆಯಲ್ಲಿ ಪಾರಾಗಿಬಿಡುತ್ತದೆ, ಏಕೆಂದರೆ ಭತ್ತದ ಕಾರ್ಬನ್ ಕೂಡ ಮರಗಳ ಮಟ್ಟದಲ್ಲೇ ಇದೆ. ಒಂದೇ ಪರೀಕ್ಷೆ ಎಲ್ಲಕ್ಕೂ ಸಾಲದು, ಧೂಮಕೇತುವಿಗೂ ಸಾಲದು.

ರೊಸೆಟ್ಟಾ ಅಲ್ಲೇ ಗ್ಲೈಸಿನ್ ಕಂಡಿತಂತೆ. ಅಲ್ಲಿ ಸಮಸ್ಥಾನಿ ನೋಡಲಿಲ್ಲ, ಮತ್ತೆ ಹೇಗೆ ನಂಬುವುದು?

ಅಲ್ಲಿ ವಾದದ ದಾರಿಯೇ ಬೇರೆ. ಬರ್ನ್ ವಿಶ್ವವಿದ್ಯಾಲಯದ ಕಾಥ್ರಿನ್ ಆಲ್ಟ್‌ವೆಗ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಸಾಕ್ಷ್ಯ ಹೀಗಿದೆ. ಗ್ಲೈಸಿನ್ನಿನ ನಿಖರ ದ್ರವ್ಯರಾಶಿ 75.032ರಲ್ಲಿ ಗೆರೆ ಇತ್ತು, ಅದು ಒಡೆದಾಗ ಬರಬೇಕಾದ 30ರ ತುಣುಕೂ ಇತ್ತು. ಜೊತೆಗೆ ಮೀಥೈಲಮೈನ್, ಎಥೈಲಮೈನ್ ಎಂಬ ಹತ್ತಿರದ ನೆಂಟರೂ ಕಂಡವು. ನೌಕೆ ಹಾರಿ ವರ್ಷಗಳಾದರೂ ತನ್ನ ಮೈಯಿಂದಲೇ ಒಂದಿಷ್ಟು ಆವಿ ಬಿಡುತ್ತಿರುತ್ತದೆ. ಆ ಹಿನ್ನೆಲೆಯನ್ನು ಧೂಮಕೇತು ತಲುಪುವ ಮೊದಲೇ ಅಳೆದಿಟ್ಟಿದ್ದರು.

ನನ್ನನ್ನು ಹೆಚ್ಚು ಒಪ್ಪಿಸಿದ್ದು ಗ್ಲೈಸಿನ್ ಯಾವಾಗ ಕಂಡಿತು ಎಂಬ ಸಂಗತಿ. 2014ರ ಅಕ್ಟೋಬರ್‌ನಲ್ಲಿ ನೌಕೆ ಧೂಮಕೇತುವಿನಿಂದ ಹತ್ತು ಕಿ.ಮೀ. ದೂರದಲ್ಲಿದ್ದಾಗ ಒಮ್ಮೆ, 2015ರ ಮಾರ್ಚ್ 28ರ ಹತ್ತಿರದ ಹಾಯುವಿಕೆಯಲ್ಲಿ ಮತ್ತೊಮ್ಮೆ. ಆ ದಿನ ಎಷ್ಟು ಧೂಳಿತ್ತೆಂದರೆ ನಕ್ಷತ್ರ ನೋಡಿ ದಿಕ್ಕು ಹಿಡಿಯುವ ಕ್ಯಾಮೆರಾಗಳು ಧೂಳಿನ ಕಣಗಳನ್ನೇ ನಕ್ಷತ್ರವೆಂದು ಭ್ರಮಿಸಿದವು, ನೌಕೆ ಸುರಕ್ಷಾ ಸ್ಥಿತಿಗೆ ಹೋಯಿತು. ಧೂಳು ಜಾಸ್ತಿ ಇದ್ದಾಗ ಗ್ಲೈಸಿನ್ ಜಾಸ್ತಿ. ನೌಕೆಯದ್ದೇ ಕೊಳೆಯಾಗಿದ್ದರೆ ಹೀಗೆ ಧೂಳಿನ ಲೆಕ್ಕಕ್ಕೆ ತಾಳೆಯಾಗುತ್ತಿರಲಿಲ್ಲ.

ಭೋಪಾಲದಲ್ಲಿ ಸೋರಿದ ವಿಷಾನಿಲ ಧೂಮಕೇತುವಿನಲ್ಲೂ ಇದೆಯಂತೆ, ಹೌದಾ?

ಕೇಳುವವರು ಹೇಳುವುದು ಮೀಥೈಲ್ ಐಸೊಸಯನೇಟ್ ಬಗ್ಗೆ. ರೊಸೆಟ್ಟಾ ಹೊತ್ತೊಯ್ದ ಫೀಲೆ ಎಂಬ ಪುಟ್ಟ ನೌಕೆ 2014ರ ನವೆಂಬರ್ 12ರಂದು 67ಪಿ ಮೇಲೆ ಇಳಿದು ಪುಟಿಯಿತು. ಮೊದಲ ಸ್ಪರ್ಶದಲ್ಲಿ ಎದ್ದ ಧೂಳು ಅದರ ಕೋಸಾಕ್ ಉಪಕರಣದ ಕೊಳವೆಗೆ ಹೊಕ್ಕಿತು. ಆ ಒಂದೇ ರೋಹಿತದಿಂದ 16 ಸಂಯುಕ್ತಗಳ ಪಟ್ಟಿ 2015ರಲ್ಲಿ ಬಂತು, ಅದರಲ್ಲಿ ಇದೂ ಒಂದು.

ಕೋಸಾಕ್ ಓದಿದ್ದು ಪೂರ್ಣ ಸಂಖ್ಯೆಗಳನ್ನು ಮಾತ್ರ. 57ರಲ್ಲಿ ಗೆರೆ ಇದೆ ಎಂದರೆ ಅದಕ್ಕೆ ಹಲವು ವಾರಸುದಾರರು. ಮುಂದೆ ರೋಸಿನಾದ ಸೂಕ್ಷ್ಮ ರೋಹಿತಗಳೊಂದಿಗೆ ಹೋಲಿಸಿದಾಗ ಆ ಪಟ್ಟಿಯ ಕೆಲವು ಹೆಸರುಗಳ ಪ್ರಮಾಣಕ್ಕೆ ಬೆಂಬಲ ಸಿಗಲಿಲ್ಲ. ಹಾಗಾಗಿ ನಾನು ತರಗತಿಯಲ್ಲಿ ಆ 16ನ್ನು ಖಚಿತ ಪಟ್ಟಿ ಎಂದು ಬರೆಸುವುದಿಲ್ಲ. ಮೊದಲ ಬಾರಿಗೆ ಧೂಮಕೇತುವಿನ ನೆಲದ ಧೂಳನ್ನೇ ಮೂಸಿ ನೋಡಿದ ಕೆಲಸ ದೊಡ್ಡದು. ಅಲ್ಲಿ ಕೊಟ್ಟ ಹೆಸರುಗಳು ಮಾತ್ರ ಸಾಕ್ಷ್ಯ ಎಷ್ಟಿದೆಯೋ ಅಷ್ಟೇ ಗಟ್ಟಿ.

## ಮುಂದೆ ಓದುವವರಿಗೆ

ಧೂಳಿನ ಅರ್ಧದಷ್ಟು ಸಾವಯವ ಅಂತೀರಿ, ಆದರೆ ಪಟ್ಟಿಯಲ್ಲಿ ಹೆಸರುಗಳೇ ಕಾಣಲ್ಲ. ಯಾಕೆ?

ಕೋಸಿಮಾ ತಂಡ 2017ರಲ್ಲಿ ಕೊಟ್ಟ ಅಂದಾಜಿನಂತೆ 67ಪಿ ಧೂಳಿನ ತೂಕದಲ್ಲಿ ನೂರಕ್ಕೆ 45ರಷ್ಟು ಸಾವಯವ, ಉಳಿದದ್ದು ಖನಿಜ. ಆದರೆ ಕೆನೆತ್, ಜೂಲಿಯೆಟ್ ಎಂದು ಹೆಸರಿಟ್ಟ ಕಣಗಳ ರೋಹಿತದಲ್ಲಿ ಕಂಡದ್ದು ಮುಖ್ಯವಾಗಿ 12, 13, 14, 15ರ ಗೆರೆಗಳು: ಬರಿಯ ಕಾರ್ಬನ್, ಮತ್ತು ಒಂದು, ಎರಡು, ಮೂರು ಹೈಡ್ರೋಜನ್ ಹಿಡಿದ ಕಾರ್ಬನ್. ಬಿಡಿ ಅಣುಗಳಿದ್ದರೆ ಅವುಗಳ ವಿಶಿಷ್ಟವಾದ ದೊಡ್ಡ ತುಣುಕುಗಳೂ ಬರಬೇಕಿತ್ತು, ಬರಲಿಲ್ಲ. ಮರ್ಚಿಸನ್, ಓರ್ಗೈ ಉಲ್ಕಾಶಿಲೆಗಳಲ್ಲಿ ಯಾವ ದ್ರಾವಕದಲ್ಲೂ ಕರಗದೆ ಉಳಿಯುವ ಕಪ್ಪು ಪದಾರ್ಥ ಹೀಗೆಯೇ ಒಡೆಯುತ್ತದೆ. ಅಂದರೆ ಧೂಳಿನ ಕಾರ್ಬನ್ನಿನಲ್ಲಿ ಹೆಚ್ಚಿನದು ಒಂದಕ್ಕೊಂದು ಹೆಣೆದುಕೊಂಡ ಅತಿ ದೊಡ್ಡ ಅಣುಜಾಲದಲ್ಲಿದೆ. ಅದಕ್ಕೆ ಒಂದು ಸೂತ್ರವಿಲ್ಲ, ಹಾಗಾಗಿ ಒಂದು ಹೆಸರೂ ಇಲ್ಲ. ಈ ಅಣುಜಾಲದ ಸಂಗತಿಯನ್ನು 2016ರಲ್ಲಿ ಪ್ರಕಟಿಸಿದಾಗ ಗ್ಲೈಸಿನ್ನಿನಷ್ಟು ಸದ್ದಾಗಲಿಲ್ಲ. ನನ್ನ ದೃಷ್ಟಿಯಲ್ಲಿ ರೊಸೆಟ್ಟಾ ಧೂಳಿನ ಬಗ್ಗೆ ಹೇಳಿದ ಅತಿ ಮುಖ್ಯ ಮಾತು ಇದೇ.

ಕೋಸಿಮಾ ರೋಹಿತ ನೋಡುವವರು 73, 147ರ ಗೆರೆಗಳಿಗೆ ಮೋಸಹೋಗಬಾರದು. ಅವು ಸಿಲಿಕೋನ್ ಎಣ್ಣೆಯ ಕೊಳೆ, ಕಣವಿಲ್ಲದ ಖಾಲಿ ಜಾಗದಲ್ಲೂ ಬರುತ್ತವೆ. ಅದಕ್ಕೇ ಪ್ರತಿ ಕಣದ ರೋಹಿತದ ಜೊತೆ ಪಕ್ಕದ ಖಾಲಿ ಲೋಹದ ರೋಹಿತವನ್ನೂ ತೆಗೆದಿಡುತ್ತಾರೆ.

ನುಸಿಗುಳಿಗೆ ವಾಸನೆಯ ನ್ಯಾಫ್ಥಲೀನ್ ಸಿಕ್ಕಿದೆ ಅಂತಾರೆ. ನೂರಾರು ಗೆರೆ ಕಲಸಿರುವಾಗ ಅದನ್ನು ಹೇಗೆ ಬಿಡಿಸಿದರು?

2015ರ ಆಗಸ್ಟ್ 3ರಂದು, 67ಪಿ ಸೂರ್ಯನಿಗೆ ಅತಿ ಹತ್ತಿರ ಬರಲು ಹತ್ತು ದಿನವಿದ್ದಾಗ, ರೋಸಿನಾದ ಸುತ್ತ ಧೂಳು ದಟ್ಟವಾಗಿತ್ತು. ಕಣಗಳು ಬಿಸಿಲಿಗೆ ಕಾದು ಭಾರವಾದ ಅಣುಗಳನ್ನೂ ಬಿಟ್ಟವು. ನೋರಾ ಹೆನ್ನಿ ಮತ್ತು ಸಂಗಡಿಗರು ಆ ದಿನದ ರೋಹಿತವನ್ನು 2022ರಲ್ಲಿ ಬಿಡಿಸಿ ಪ್ರಕಟಿಸಿದರು. ದೊಡ್ಡ ದ್ರವ್ಯರಾಶಿಯ ಗೆರೆಗೆ ಒಂದು ಅಣುವನ್ನು ಊಹಿಸುವುದು, ಅದು ಒಡೆದು ಕೊಡಬೇಕಾದ ಎಲ್ಲ ಸಣ್ಣ ಗೆರೆಗಳನ್ನು ಒಟ್ಟಿನಿಂದ ಕಳೆಯುವುದು, ಎಲ್ಲಿಯೂ ಕಂಡದ್ದಕ್ಕಿಂತ ಹೆಚ್ಚು ಕಳೆದುಹೋಗದಂತೆ ನೋಡಿಕೊಳ್ಳುವುದು, ಆಮೇಲೆ ಮುಂದಿನ ಅಣುವಿಗೆ ಹೋಗುವುದು: ಕ್ರಮ ಸ್ಥೂಲವಾಗಿ ಹೀಗೆ. ಆದಷ್ಟು ಕಡಿಮೆ ಅಣುಗಳಿಂದ ಆದಷ್ಟು ಹೆಚ್ಚು ಗೆರೆಗಳನ್ನು ವಿವರಿಸಬೇಕು. ನ್ಯಾಫ್ಥಲೀನ್ ಜೊತೆ ಬಾದಾಮಿ ಪರಿಮಳದ ಬೆಂಜಾಲ್ಡಿಹೈಡ್, ಸಾಂಬ್ರಾಣಿಯಲ್ಲಿರುವ ಬೆಂಜೋಯಿಕ್ ಆಮ್ಲವೂ ಹೀಗೆ ಹೊರಬಂದವು. ನ್ಯಾಫ್ಥಲೀನ್ 128ರಲ್ಲಿ ಗಟ್ಟಿಯಾಗಿ ನಿಲ್ಲುವ ಅಣು, ಸುಲಭಕ್ಕೆ ಒಡೆಯುವುದಿಲ್ಲ. ಅದಕ್ಕೇ ಗುರುತೂ ಸುಲಭ. ಉದ್ದ ಸರಪಳಿಯ ಅಣುಗಳು ಒಡೆದು ಎಲ್ಲವೂ ಒಂದೇ ಬಗೆಯ ತುಣುಕು ಕೊಡುವುದರಿಂದ ಅವುಗಳ ಹೆಸರಿನಲ್ಲಿ ಅಷ್ಟು ಖಚಿತತೆ ಇಲ್ಲ.

ಎಡಗೈ, ಬಲಗೈ ಅಣುಗಳನ್ನು ಇದರಿಂದ ಗುರುತಿಸಬಹುದಾ?

ಎಡಗೈ ಬಲಗೈಯಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾಗಿರುವ ಅಣುಗಳ ಮಾತಿದು. ತೂಗುವುದರಿಂದ ಆಗುವುದಿಲ್ಲ, ಎರಡರ ದ್ರವ್ಯರಾಶಿಯೂ ಒಂದೇ, ಒಡೆಯುವ ಬಗೆಯೂ ಒಂದೇ. ಮೊದಲು ವಿಶೇಷ ಕ್ರೊಮಟೊಗ್ರಾಫಿ ಕೊಳವೆಯಲ್ಲಿ ಬೇರ್ಪಡಿಸಬೇಕು. ಕೋಸಾಕ್‌ನಲ್ಲಿ ಅಂಥ ಕೊಳವೆಗಳಿದ್ದವು. ಗ್ಲೈಸಿನ್ನಿಗೆ ಮಾತ್ರ ಎಡ ಬಲ ಎಂಬುದೇ ಇಲ್ಲ.

ಈ ವಿದ್ಯೆ ಭಾರತದಲ್ಲಿ ಇದೆಯಾ, ಸಾರ್?

ಇದೆ. ಚಂದ್ರಯಾನ-1ರ ಚೇಸ್, ಮಂಗಳಯಾನದ ಮೆಂಕಾ, ಚಂದ್ರಯಾನ-2ರ ಚೇಸ್-2 ಮೂರೂ ಮಾಸ್ ಸ್ಪೆಕ್ಟ್ರೋಮೀಟರ್‌ಗಳೇ. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದ ಬಾಹ್ಯಾಕಾಶ ಭೌತಶಾಸ್ತ್ರ ಪ್ರಯೋಗಾಲಯದ್ದು. ಅವು ತೂಗಿದ್ದು ವಿರಳ ವಾಯುವನ್ನು, ಧೂಳನ್ನಲ್ಲ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಉಲ್ಕಾಶಿಲೆಗಳ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ. ಇಲ್ಲಿಂದ ಹೋಗುವ ಮಕ್ಕಳಿಗೆ ಅದು ಒಳ್ಳೆಯ ದಾರಿ.

ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಈ ಯಂತ್ರ ಇಲ್ಲ. ಮಡಿಕೇರಿಯಲ್ಲೇ ಕೂತು ಏನಾದರೂ ಮಾಡಬಹುದಾ?

ಖಂಡಿತ ಮಾಡಬಹುದು ತಂಗಿ, ಯಂತ್ರ ಇಲ್ಲದಿದ್ದರೂ ಮಾಹಿತಿ ಇದೆ. ರೊಸೆಟ್ಟಾದ ಅಳತೆಗಳನ್ನು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ತನ್ನ ಗ್ರಹವಿಜ್ಞಾನ ಸಂಗ್ರಹದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಶುದ್ಧ ಸಂಯುಕ್ತಗಳ ರೋಹಿತಗಳು ಅಮೆರಿಕದ ನಿಸ್ಟ್ ಸಂಸ್ಥೆಯ ರಸಾಯನಶಾಸ್ತ್ರ ತಾಣದಲ್ಲಿ ಉಚಿತ. ಮೊದಲು ನಿಸ್ಟ್‌ನಲ್ಲಿ ಕೆಫೀನ್, ಎಥನಾಲ್, ಟಾಲೀನ್, ನ್ಯಾಫ್ಥಲೀನ್ ತೆಗೆದು, ಪ್ರತಿ ದೊಡ್ಡ ಗೆರೆಯ ಮುಂದೆ ಏನು ಕಳಚಿತು ಎಂದು ಕೈಯಿಂದ ಬರೆಯಿರಿ. ಟಾಲೀನ್ 92ರಿಂದ 91ಕ್ಕೆ ಯಾಕೆ ಇಳಿಯುತ್ತದೆ ಎಂದು ತಿಳಿದ ಮೇಲೆ ರೋಸಿನಾಕ್ಕೆ ಹೋಗಿ.

ಅಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ನಡೆಯಿರಿ. ನಿಸ್ಟ್‌ನ ರೋಹಿತಗಳು ಸಾಮಾನ್ಯವಾಗಿ 70 ಎಲೆಕ್ಟ್ರಾನ್ ವೋಲ್ಟ್ ಏಟಿನವು. ರೋಸಿನಾದ ದೊಡ್ಡ ಉಪಕರಣ ಹೊಡೆದದ್ದು 45ರಲ್ಲಿ. ಏಟು ಮೆದುವಾದರೆ ಇಡೀ ಅಣುವಿನ ಗೆರೆ ಎತ್ತರವಾಗುತ್ತದೆ, ತುಣುಕುಗಳದ್ದು ತಗ್ಗುತ್ತದೆ. ಗೆರೆಯ ಸ್ಥಾನ ಹೊಂದುತ್ತದೆ, ಎತ್ತರ ಹೊಂದುವುದಿಲ್ಲ. ಬರ್ನ್‌ನವರು ಅದಕ್ಕಾಗಿಯೇ ನೌಕೆಯಲ್ಲಿದ್ದ ಉಪಕರಣದ ಅವಳಿಯನ್ನು ಪ್ರಯೋಗಾಲಯದಲ್ಲಿಟ್ಟುಕೊಂಡು ಒಂದೊಂದೇ ಸಂಯುಕ್ತವನ್ನು ಅಳೆದರು. ನಿಮಗೆ ಆ ಅವಳಿ ಇಲ್ಲ, ಆದ್ದರಿಂದ ಎತ್ತರದ ಮೇಲೆ ವಾದ ಕಟ್ಟಬೇಡಿ, ಸ್ಥಾನದ ಮೇಲೆ ಕಟ್ಟಿ. 28ರ ಜಾಗ ತೆಗೆದು ಕಾರ್ಬನ್ ಮಾನಾಕ್ಸೈಡನ್ನೂ ನೈಟ್ರೋಜನ್ನನ್ನೂ ಬೇರ್ಪಡಿಸಿ ನೋಡಿ. ಅದು ಬಂದರೆ 44ಕ್ಕೆ ಹೋಗಿ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಪಕ್ಕದಲ್ಲಿ ಗಂಧಕದ ಅಣುವೊಂದು ಕಾದಿದೆ.